ನಕ್ಷೆಯಲ್ಲಿ ಚದರ ಮೀಟರ್, ಚದರ ಅಡಿಯ ಚಿಹ್ನೆ ಬರೆಯುವ ಕ್ರಮ: ಆಟೋಕ್ಯಾಡ್, ರೆವಿಟ್, ಸ್ಕೆಚ್‌ಅಪ್ ಬಳಸುವವರಿಗೆ

ಮನೆಯ ನೆಲನಕ್ಷೆಯಲ್ಲಿ ಪ್ರತಿಯೊಂದು ಕೋಣೆಯ ಹೆಸರಿನ ಕೆಳಗೆ ಅದರ ವಿಸ್ತೀರ್ಣವನ್ನು ಬರೆಯುವುದು ವಾಡಿಕೆ. ಅಂಕಿಯನ್ನು ಟೈಪ್ ಮಾಡುವುದು ಸುಲಭ. ಅದರ ಮುಂದೆ ಬರಬೇಕಾದ ಚದರ ಮೀಟರಿನ ಚಿಹ್ನೆ, ಅಂದರೆ ಎಮ್ ಅಕ್ಷರದ ಬಲಗಡೆ ಮೇಲಕ್ಕೆ ಕೂರುವ ಪುಟ್ಟ ಎರಡು, ನಾವು ದಿನವೂ ಬಳಸುವ ಕೀಲಿಮಣೆಯ ಮೇಲೆ ಎಲ್ಲಿಯೂ ಕಾಣಿಸುವುದಿಲ್ಲ. ಹೀಗಾಗಿ ಕೆಲವರು ಸಾಮಾನ್ಯ ಎರಡನ್ನೇ ಬರೆದು ಮುಂದೆ ಹೋಗುತ್ತಾರೆ. ಇನ್ನು ಕೆಲವರು ಸಣ್ಣ ಗಾತ್ರದ ಮತ್ತೊಂದು ಟೆಕ್ಸ್ಟ್ ತುಣುಕನ್ನು ತಂದು ಅಕ್ಷರದ ಪಕ್ಕದಲ್ಲಿ ಎತ್ತರಿಸಿ ಕೂರಿಸುತ್ತಾರೆ. ಎರಡನೆಯ ಕ್ರಮವಂತೂ ನಕ್ಷೆಗೆ ಅಪಾಯಕಾರಿ. ಬಿಡಿಯಾಗಿ ಇಟ್ಟ ಆ ಎರಡು, ಕೋಣೆಯ ಹೆಸರನ್ನು ಮೂವ್ ಮಾಡುವಾಗ ಹಿಂದೆ ಉಳಿದುಬಿಡುತ್ತದೆ, ನಕ್ಷೆಯ ಸ್ಕೇಲ್ ಬದಲಿಸಿದಾಗ ಗೋಡೆಯ ಗೆರೆಯ ಮೇಲೆ ಹೋಗಿ ಕೂರುತ್ತದೆ, ಅದನ್ನು ಯಾರೋ ಒಬ್ಬರು ಕಸವೆಂದು ಅಳಿಸಿದರೆ ಚದರ ಮೀಟರ್ ಬರಿಯ ಮೀಟರ್ ಆಗಿ ಅಚ್ಚಾಗುತ್ತದೆ.

ವಿಸ್ತೀರ್ಣದ ಅಂಕಿ ಮತ್ತು ಅದರ ಮಾನ ಒಂದೇ ತುಣುಕಿನಲ್ಲಿ ಇರಬೇಕು, ಸಾಧ್ಯವಾದಲ್ಲೆಲ್ಲ ಅವೆರಡನ್ನೂ ತಂತ್ರಾಂಶವೇ ಬರೆಯಬೇಕು. ಕೆಳಗಿನ ಕ್ರಮಗಳೆಲ್ಲ ಈ ಎರಡು ನಿಯಮಗಳನ್ನು ಪಾಲಿಸುವುದಕ್ಕಾಗಿಯೇ ಇವೆ. ಈ ಬರಹದಲ್ಲಿ ಎಮ್, ಎಫ್‌ಟಿ, ಯು, ಬಿ ಎಂದು ಕನ್ನಡದಲ್ಲಿ ಬರೆದಿರುವ ಕಡೆಗಳಲ್ಲಿ ಓದುಗರು ಇಂಗ್ಲಿಷಿನ ಆಯಾ ಅಕ್ಷರವನ್ನೇ ಒತ್ತಬೇಕು ಎಂಬುದನ್ನು ಮೊದಲೇ ಗಮನಿಸಿ.

ಚಿಹ್ನೆ ಎಂದರೆ ಯಾವ ಅಕ್ಷರ

ಮೇಲಕ್ಕೆ ಕೂರುವ ಪುಟ್ಟ ಎರಡು, ಸಾಮಾನ್ಯ ಎರಡನ್ನು ಕುಗ್ಗಿಸಿ ಮಾಡಿದ ರೂಪವಷ್ಟೇ ಅಲ್ಲ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಅದಕ್ಕೆ ತನ್ನದೇ ಆದ ಸ್ಥಾನವಿದೆ. ಅದರ ಸಂಕೇತ 00ಬಿ2. ಘನ ಮೀಟರಿಗೆ ಬೇಕಾಗುವ ಪುಟ್ಟ ಮೂರರ ಸಂಕೇತ 00ಬಿ3. ಯೂನಿಕೋಡಿನ ಮೊದಲ 256 ಸ್ಥಾನಗಳೊಳಗೇ ಇವೆರಡೂ ಬರುವುದರಿಂದ ಏರಿಯಲ್, ಕ್ಯಾಲಿಬ್ರಿ, ಟೈಮ್ಸ್ ನ್ಯೂ ರೋಮನ್ ಮೊದಲಾದ ಸಾಮಾನ್ಯ ಟ್ರೂಟೈಪ್ ಫಾಂಟುಗಳಲ್ಲೆಲ್ಲ ಇವು ಸಿಗುತ್ತವೆ. ನಮಗೆ ಬೇಕಾದದ್ದು ಈ ಅಕ್ಷರವೇ: ಮೊದಲು ಸಣ್ಣ ಎಮ್, ಅದಕ್ಕೆ ಅಂಟಿಕೊಂಡು ².

ಇದನ್ನೇ ಹೋಲುವ ಇನ್ನೊಂದು ಅಕ್ಷರವೂ ಯೂನಿಕೋಡಿನಲ್ಲಿ ಇದೆ. ಎಮ್ ಮತ್ತು ಪುಟ್ಟ ಎರಡು ಎರಡೂ ಸೇರಿ ಒಂದೇ ಅಚ್ಚಿನಲ್ಲಿ ಕೂತಿರುವ ಆ ಅಕ್ಷರದ ಸಂಕೇತ 33ಎ1. ಚೀನಾ, ಜಪಾನ್, ಕೊರಿಯಾಗಳ ಬರವಣಿಗೆಯಲ್ಲಿ ಒಂದು ಅಕ್ಷರದ ಚೌಕದೊಳಗೆ ಇಡೀ ಮಾನವನ್ನು ಕೂರಿಸುವ ಪದ್ಧತಿಗಾಗಿ ಅದು ಇದೆ. ಜಾಲತಾಣಗಳಿಂದ ಚಿಹ್ನೆಯನ್ನು ಕಾಪಿ ಮಾಡಿಕೊಂಡು ಬರುವವರಿಗೆ ಅರಿವಿಲ್ಲದೆ ಇದೇ ಕೈಗೆ ಸಿಗುವುದುಂಟು. ನಿಮ್ಮ ಪರದೆಯ ಮೇಲೆ ಅದು ಚೆನ್ನಾಗಿಯೇ ಕಂಡರೂ ನಕ್ಷೆಯ ಫಾಂಟಿನಲ್ಲಿ ಅದಿಲ್ಲದಿದ್ದರೆ ಅಚ್ಚಿನಲ್ಲಿ ಖಾಲಿ ಚೌಕ ಬರುತ್ತದೆ. ಪರೀಕ್ಷೆ ಸುಲಭ: ಚಿಹ್ನೆಯ ಮುಂದೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸನ್ನು ಒಮ್ಮೆ ಒತ್ತಿ. ಎರಡು ಮಾತ್ರ ಅಳಿಸಿದರೆ ಸರಿ; ಎಮ್ ಕೂಡ ಜೊತೆಗೇ ಹೋದರೆ ಅದು ಬೇಡದ ಅಕ್ಷರ, ಬದಲಾಯಿಸಿಕೊಳ್ಳಿ.

ಬರೆಯುವ ರೀತಿಗೂ ಅಂತರರಾಷ್ಟ್ರೀಯ ಮಾನ ಪದ್ಧತಿಯ ನಿಯಮಗಳಿವೆ. ಮೀಟರಿಗೆ ಸಣ್ಣ ಎಮ್ ಮಾತ್ರ ಬಳಸಬೇಕು, ದೊಡ್ಡಕ್ಷರದ ಎಮ್ ಮೆಗಾ ಎಂಬ ಹತ್ತು ಲಕ್ಷದ ಗುಣಕಕ್ಕೆ ಮೀಸಲು. ಅಂಕಿ ಮತ್ತು ಚಿಹ್ನೆಯ ನಡುವೆ ಒಂದು ಜಾಗ ಬಿಡಬೇಕು. ಚಿಹ್ನೆಯ ಕೊನೆಗೆ ಚುಕ್ಕಿ ಇಡಬಾರದು, ಬಹುವಚನದ ಎಸ್ ಸೇರಿಸಬಾರದು. ನಕ್ಷೆಯ ಬರಹವನ್ನೆಲ್ಲ ದೊಡ್ಡಕ್ಷರದಲ್ಲೇ ಬರೆಯುವ ಕಚೇರಿಗಳಲ್ಲಿ ಈ ಸಣ್ಣ ಎಮ್ ಬಹಳ ಸಲ ಬಲಿಯಾಗುತ್ತದೆ. ಆಟೋಕ್ಯಾಡಿನ ಎಮ್‌ಟೆಕ್ಸ್ಟ್ ಪೆಟ್ಟಿಗೆಯಲ್ಲಿ ಬಲ ಕ್ಲಿಕ್ ಮಾಡಿದರೆ ಕಾಣುವ ಆಟೋಕ್ಯಾಪ್ಸ್ ಎಂಬ ಆಯ್ಕೆ ಚಾಲೂ ಇದ್ದರೆ, ಕ್ಯಾಪ್ಸ್ ಲಾಕ್ ಮುಟ್ಟದಿದ್ದರೂ ಎಮ್ ದೊಡ್ಡದಾಗಿಯೇ ಬೀಳುತ್ತದೆ. ಚಿಹ್ನೆ ಬರೆಯುವ ಮುಂಚೆ ಅದನ್ನು ಆಫ್ ಮಾಡಿಬಿಡಿ.

ಕೀಲಿಮಣೆಯಿಂದ ನೇರವಾಗಿ

ವಿಂಡೋಸ್ ಗಣಕದಲ್ಲಿ ಎಲ್ಲ ತಂತ್ರಾಂಶಗಳಿಗೂ ಹೊಂದುವ ಕ್ರಮವೆಂದರೆ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಗಡೆಯ ಅಂಕಿಗಳ ಗುಂಪಿನಲ್ಲಿ 0178 ಒತ್ತಿ, ಆಮೇಲೆ ಆಲ್ಟ್ ಬಿಡುವುದು. ² ಬರುತ್ತದೆ. ³ ಬೇಕಾದರೆ 0179. ಮೇಲಿನ ಸಾಲಿನಲ್ಲಿರುವ ಅಂಕಿಗಳನ್ನು ಒತ್ತಿದರೆ ಇದು ಕೆಲಸ ಮಾಡುವುದಿಲ್ಲ. ನಮ್ ಲಾಕ್ ಚಾಲೂ ಇರಬೇಕು. ಮೊದಲಿನ ಸೊನ್ನೆಯನ್ನು ಬಿಟ್ಟು 178 ಎಂದಷ್ಟೇ ಒತ್ತಿದರೆ ಬೇರೆಯೇ ಚಿಹ್ನೆ ಬೀಳುತ್ತದೆ.

ಅಂಕಿಗಳ ಗುಂಪೇ ಇಲ್ಲದ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಭಾಷಾ ಆಯ್ಕೆಗಳಿಗೆ ಹೋಗಿ ಯುಎಸ್ ಇಂಟರ್‌ನ್ಯಾಷನಲ್ ಕೀಲಿಮಣೆಯನ್ನು ಸೇರಿಸಿಕೊಳ್ಳಬಹುದು. ಅದರಲ್ಲಿ ಬಲಗಡೆಯ ಆಲ್ಟ್ ಒತ್ತಿ 2 ಒತ್ತಿದರೆ ², 3 ಒತ್ತಿದರೆ ³ ಬರುತ್ತದೆ. ಆದರೆ ಆ ಕೀಲಿಮಣೆಯಲ್ಲಿ ಉದ್ಧರಣ ಚಿಹ್ನೆಯನ್ನು ಒತ್ತಿದೊಡನೆ ಅದು ಬೀಳದೆ ಮುಂದಿನ ಅಕ್ಷರಕ್ಕಾಗಿ ಕಾಯುತ್ತದೆ, ಅಡಿ ಮತ್ತು ಅಂಗುಲಗಳನ್ನು ದಿನವಿಡೀ ಬರೆಯುವವರಿಗೆ ಇದು ಕಿರಿಕಿರಿ ಎನಿಸುವುದು ಖಂಡಿತ. ಅಂಥವರಿಗೆ ನಾನು ಸೂಚಿಸುವುದು ಮುಂದೆ ಹೇಳುವ ಯೂನಿಕೋಡ್ ಸಂಕೇತವನ್ನು. ಮ್ಯಾಕ್ ಗಣಕದಲ್ಲಿ ಕಂಟ್ರೋಲ್, ಕಮಾಂಡ್, ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರಗಳ ಪಟ್ಟಿ ತೆರೆಯುತ್ತದೆ. ಲಿನಕ್ಸಿನ ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿ, ಬಿ2 ಎಂದು ಬರೆದು ಎಂಟರ್ ಒತ್ತಬೇಕು. ಸೈಟಿನಿಂದ ಮೊಬೈಲಿನಲ್ಲಿ ಅಳತೆ ಕಳಿಸುವ ಎಂಜಿನಿಯರುಗಳು ಜಿಬೋರ್ಡಿನ ಅಂಕಿಗಳ ಪುಟದಲ್ಲಿ 2ರ ಮೇಲೆ ಬೆರಳನ್ನು ಒತ್ತಿ ಹಿಡಿದರೆ ² ಸಿಗುತ್ತದೆ.

ಆಟೋಕ್ಯಾಡ್

ಆಟೋಕ್ಯಾಡಿನಲ್ಲಿ ಬರಹಕ್ಕೆ ಎರಡು ಕಮಾಂಡುಗಳಿವೆ: ಒಂದೇ ಸಾಲಿನ ಟೆಕ್ಸ್ಟ್ ಮತ್ತು ಹಲವು ಸಾಲುಗಳ ಎಮ್‌ಟೆಕ್ಸ್ಟ್. ಎಮ್‌ಟೆಕ್ಸ್ಟ್‌ನಲ್ಲಿ ಚಿಹ್ನೆ ಹಾಕುವುದಕ್ಕೆ ಕೀಲಿಗಳನ್ನು ನೆನಪಿಡಬೇಕಾಗಿಯೇ ಇಲ್ಲ. ಪೆಟ್ಟಿಗೆಯೊಳಗೆ ಬಲ ಕ್ಲಿಕ್ ಮಾಡಿ ಸಿಂಬಲ್ ಎಂಬಲ್ಲಿಗೆ ಹೋದರೆ, ಅಥವಾ ಮೇಲಿನ ರಿಬ್ಬನ್ನಿನಲ್ಲಿ ಸಿಂಬಲ್ ಗುಂಡಿಯನ್ನು ಒತ್ತಿದರೆ, ಡಿಗ್ರಿ, ವ್ಯಾಸ, ಸೆಂಟರ್ ಲೈನ್ ಇತ್ಯಾದಿಗಳ ಉದ್ದನೆಯ ಪಟ್ಟಿ ಬರುತ್ತದೆ; ಅದರ ಕೊನೆಯ ಭಾಗದಲ್ಲಿ ಸ್ಕ್ವೇರ್ಡ್ ಮತ್ತು ಕ್ಯೂಬ್ಡ್ ಇವೆ. ಅದೇ ಪಟ್ಟಿಯಲ್ಲಿ ನಾನ್ ಬ್ರೇಕಿಂಗ್ ಸ್ಪೇಸ್ ಎಂಬುದೂ ಇದೆ, ಅದನ್ನು ಅಲಕ್ಷಿಸಬಾರದು. ಅಂಕಿ ಮತ್ತು ಮಾನದ ನಡುವೆ ಸಾಮಾನ್ಯ ಜಾಗದ ಬದಲು ಇದನ್ನು ಬಳಸಿದರೆ, ಪೆಟ್ಟಿಗೆಯ ಅಗಲ ಕಡಿಮೆಯಾದಾಗ 15.12 ಒಂದು ಸಾಲಿನಲ್ಲಿ, ಎಮ್² ಇನ್ನೊಂದು ಸಾಲಿನಲ್ಲಿ ಒಡೆದು ನಿಲ್ಲುವುದು ತಪ್ಪುತ್ತದೆ.

ಒಂದೇ ಸಾಲಿನ ಟೆಕ್ಸ್ಟ್‌ಗೆ ಈ ಮೆನು ಇಲ್ಲ. ವ್ಯಾಸಕ್ಕೆ ಎರಡು ಶೇಕಡಾ ಚಿಹ್ನೆ ಮತ್ತು ಸಿ, ಡಿಗ್ರಿಗೆ ಎರಡು ಶೇಕಡಾ ಚಿಹ್ನೆ ಮತ್ತು ಡಿ ಎಂದು ಬರೆಯುವ ಹಳೆಯ ರೂಢಿ ಎಲ್ಲ ಡ್ರಾಫ್ಟ್ಸ್‌ಮನ್ನರಿಗೂ ಗೊತ್ತು. ಚದರಕ್ಕೆ ಅಂಥ ಒಂದಕ್ಷರದ ಗುರುತು ಇಲ್ಲ. ಅದರ ಬದಲು ಯೂನಿಕೋಡ್ ಸಂಕೇತವನ್ನು ಬರೆಯಬೇಕು: ಹಿಂದಕ್ಕೆ ವಾಲಿದ ಗೀಟು, ದೊಡ್ಡಕ್ಷರದ ಯು, ಕೂಡುವ ಚಿಹ್ನೆ, ಆಮೇಲೆ 00ಬಿ2. ಒಟ್ಟಾರೆ ರೂಪ ಹೀಗೆ: \ಯು+00ಬಿ2. ನಡುವೆ ಎಲ್ಲಿಯೂ ಜಾಗ ಇರಕೂಡದು, ಎಮ್ ಅಕ್ಷರದ ಬೆನ್ನಿಗೇ ಇದನ್ನು ಬರೆಯಬೇಕು. ಬರೆದು ಮುಗಿಸಿದಾಗ ಆಟೋಕ್ಯಾಡ್ ಇದನ್ನು ² ಆಗಿ ಬದಲಿಸುತ್ತದೆ. ಅಂಕಿಗಳ ಗುಂಪಿಲ್ಲದ ಲ್ಯಾಪ್‌ಟಾಪಿನಲ್ಲಿಯೂ, ಬ್ಲಾಕುಗಳ ಆಟ್ರಿಬ್ಯೂಟಿನಲ್ಲಿಯೂ, ಡೈಮೆನ್ಷನ್ನಿನ ಬರಹದಲ್ಲಿಯೂ, ಟೇಬಲ್ಲಿನ ಮನೆಗಳಲ್ಲಿಯೂ ಇದು ನಡೆಯುವುದರಿಂದ, ಒಂದೇ ಒಂದು ಕ್ರಮವನ್ನು ಕಲಿಯಬೇಕೆಂದಿರುವವರು ಇದನ್ನೇ ಕಲಿಯಲಿ ಎಂಬುದು ನನ್ನ ಅಭಿಪ್ರಾಯ.

ಎಮ್‌ಟೆಕ್ಸ್ಟ್‌ನಲ್ಲಿ ಇನ್ನೊಂದು ಹಳೆಯ ದಾರಿಯೂ ಇದೆ. ಎಮ್ ಬರೆದು, ಅದರ ಪಕ್ಕದಲ್ಲಿ 2^ ಎಂದು ಬರೆದು, ಆ ಎರಡು ಅಕ್ಷರಗಳನ್ನು ಮಾತ್ರ ಆಯ್ದುಕೊಂಡು ಬಲ ಕ್ಲಿಕ್ಕಿನಲ್ಲಿ ಸ್ಟ್ಯಾಕ್ ಒತ್ತಿದರೆ ಎರಡು ಮೇಲಕ್ಕೆ ಹೋಗುತ್ತದೆ. ^ ಗುರುತನ್ನು ಅಂಕಿಗಿಂತ ಮೊದಲು ಇಟ್ಟರೆ ಅಂಕಿ ಕೆಳಕ್ಕೆ ಇಳಿಯುತ್ತದೆ. ನೋಡಲು ಚೆನ್ನಾಗಿದ್ದರೂ ವಿಸ್ತೀರ್ಣಕ್ಕೆ ಇದನ್ನು ಬಳಸದಿರುವುದೇ ಮೇಲು. ಇಲ್ಲಿ ಎರಡು ಎಂಬುದು ಸಾಮಾನ್ಯ ಎರಡಾಗಿಯೇ ಉಳಿದು, ಅದರ ಮೇಲೆ ಜೋಡಣೆಯ ಆದೇಶವೊಂದು ಕೂತಿರುತ್ತದೆ. ಆ ಬರಹವನ್ನು ಎಕ್ಸೆಲ್ಲಿಗೋ ಪತ್ರಕ್ಕೋ ಕಾಪಿ ಮಾಡಿದರೆ ಆದೇಶ ಕಳಚಿ ಬಿದ್ದು ಎರಡು ಕೆಳಗಿಳಿಯಬಹುದು, ಎಮ್‌ಟೆಕ್ಸ್ಟ್ ಅನ್ನು ಎಕ್ಸ್‌ಪ್ಲೋಡ್ ಮಾಡಿದರೆ ಎರಡು ಬಿಡಿ ತುಣುಕಾಗಿ ಬೇರೆ ನಿಲ್ಲುತ್ತದೆ. ² ಎಂಬ ಅಕ್ಷರಕ್ಕೆ ಈ ತೊಂದರೆ ಇಲ್ಲ, ಅದು ಎಲ್ಲಿ ಹೋದರೂ ² ಆಗಿಯೇ ಇರುತ್ತದೆ.

ಪ್ರಶ್ನಾರ್ಥಕ ಚಿಹ್ನೆ ಬಂದರೆ

ಸರಿಯಾದ ಸಂಕೇತವನ್ನೇ ಬರೆದರೂ ಎಮ್ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಥವಾ ಖಾಲಿ ಚೌಕ ಕಂಡರೆ ತಪ್ಪು ನಿಮ್ಮ ಬೆರಳಿನದಲ್ಲ, ಫಾಂಟಿನದು. ಆಟೋಕ್ಯಾಡಿನ ಹಳೆಯ ಫಾಂಟುಗಳು ಎಸ್‌ಎಚ್‌ಎಕ್ಸ್ ಎಂಬ ಬಗೆಯವು. ಪ್ಲಾಟರಿನ ಪೆನ್ನು ಎಳೆಯಲು ಅನುಕೂಲವಾಗುವಂತೆ ಬರಿಯ ಗೆರೆಗಳಿಂದ ಮಾಡಿದವು. ಅವುಗಳಲ್ಲಿ ಎಲ್ಲ ಅಕ್ಷರಗಳೂ ಇರುತ್ತವೆ ಎನ್ನುವಂತಿಲ್ಲ, ವಿಶೇಷವಾಗಿ ಕಚೇರಿಯಿಂದ ಕಚೇರಿಗೆ ಕೈ ಬದಲಾಯಿಸುತ್ತಾ ಬಂದ, ಯಾರೋ ತಮ್ಮ ಅನುಕೂಲಕ್ಕೆ ಮಾಡಿಕೊಂಡ ಕೈಬರಹದ ಮಾದರಿಯ ಫಾಂಟುಗಳಲ್ಲಿ ² ಇಲ್ಲದಿರುವುದೇ ಹೆಚ್ಚು. ಸ್ಟೈಲ್ ಕಮಾಂಡ್ ಕೊಟ್ಟು ಆ ಟೆಕ್ಸ್ಟ್ ಸ್ಟೈಲಿಗೆ ಏರಿಯಲ್‌ನಂಥ ಟ್ರೂಟೈಪ್ ಫಾಂಟನ್ನು ಕೊಡಿ. ಅಲ್ಲಿ ² ಕಂಡರೆ ಕಾರಣ ಖಚಿತವಾಯಿತು. ಇಡೀ ನಕ್ಷೆಯ ಅಕ್ಷರ ಬದಲಾಗುವುದು ಬೇಡವೆಂದಿದ್ದರೆ, ಎಮ್‌ಟೆಕ್ಸ್ಟ್‌ನಲ್ಲಿ ಚಿಹ್ನೆಯನ್ನು ಮಾತ್ರ ಆಯ್ದು ಅದಕ್ಕೆ ಬೇರೆ ಫಾಂಟ್ ಕೊಡಬಹುದು.

ಕಡತವನ್ನು ಇನ್ನೊಬ್ಬರಿಗೆ ಕಳಿಸುವಾಗಲೂ ಇದೇ ಎಚ್ಚರ ಬೇಕು. ನಿಮ್ಮ ಗಣಕದಲ್ಲಿರುವ ಎಸ್‌ಎಚ್‌ಎಕ್ಸ್ ಫಾಂಟ್ ಅವರ ಗಣಕದಲ್ಲಿ ಇಲ್ಲದಿದ್ದರೆ ಆಟೋಕ್ಯಾಡ್ ಬದಲಿ ಫಾಂಟೊಂದನ್ನು ಹಾಕಿಕೊಳ್ಳುತ್ತದೆ, ನೀವು ನೋಡಿದ ನಕ್ಷೆಯೇ ಬೇರೆ, ಅವರು ನೋಡುವುದೇ ಬೇರೆ ಎಂದಾಗುತ್ತದೆ. ಈ-ಟ್ರಾನ್ಸ್‌ಮಿಟ್ ಕಮಾಂಡಿನಲ್ಲಿ ಫಾಂಟುಗಳನ್ನೂ ಸೇರಿಸು ಎಂಬ ಆಯ್ಕೆಯನ್ನು ಗುರುತಿಸಿ ಕಳಿಸುವುದು ಒಳ್ಳೆಯದು.

ಕನ್ನಡದಲ್ಲಿ ನಕ್ಷೆ ಬರೆಯುವವರಿಗೆ ಇನ್ನೊಂದು ಸಂಕಟ ಕಾದಿರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನಗಳಲ್ಲೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿಕೊಂಡಿವೆ. ² ಇರಬೇಕಾದ ಸ್ಥಾನದಲ್ಲಿ ಅವುಗಳಲ್ಲಿ ಇರುವುದು ಶಿ. ಶ್ರೀ ಎಂಬ ಅಕ್ಷರವೂ ಇದೇ ತುಣುಕಿನಿಂದ ಹುಟ್ಟುತ್ತದೆ. ಹಾಗಾಗಿ ನುಡಿ ಫಾಂಟಿನ ಟೆಕ್ಸ್ಟ್ ಸ್ಟೈಲಿನಲ್ಲಿ ನೀವು ಆಲ್ಟ್ 0178 ಒತ್ತಿದರೂ, ಯೂನಿಕೋಡ್ ಸಂಕೇತ ಬರೆದರೂ ವಿಸ್ತೀರ್ಣದ ಕೊನೆಗೆ ಶಿ ಬಂದು ನಿಲ್ಲುತ್ತದೆ. ನುಡಿಯಲ್ಲಿ ಬರೆದ ಪತ್ರವನ್ನು ಬೇರೆ ಫಾಂಟಿನಲ್ಲಿ ತೆರೆದಾಗ ಶ್ರೀಮತಿಯವರ ಹೆಸರಿನ ಮುಂದೆ ಪುಟ್ಟ ಎರಡು ಕಾಣಿಸುವುದಕ್ಕೂ ಇದೇ ಕಾರಣ. ಎಮ್‌ಟೆಕ್ಸ್ಟ್ ಆಗಿದ್ದರೆ ಎಮ್² ಭಾಗಕ್ಕಷ್ಟೇ ಏರಿಯಲ್ ಕೊಟ್ಟು ಪರಿಹರಿಸಿಕೊಳ್ಳಬಹುದು. ಒಂದೇ ಸಾಲಿನ ಟೆಕ್ಸ್ಟ್‌ಗೆ ಎರಡು ಫಾಂಟ್ ಕೊಡಲು ಬರುವುದಿಲ್ಲ, ಅಲ್ಲಿ ಚಿಹ್ನೆಯ ಹಂಗು ಬಿಟ್ಟು ಚ.ಮೀ. ಅಥವಾ ಚ.ಅಡಿ ಎಂದು ಕನ್ನಡದಲ್ಲೇ ಬರೆಯುವುದು ಎಲ್ಲ ಬಗೆಯಲ್ಲೂ ಸರಿಯಾದ ದಾರಿ. ಆದರೆ ಚದರ ಎಂದಷ್ಟೇ ಬರೆದು ಬಿಡಬೇಡಿ. ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಒಂದು ಚದರ ಎಂದರೆ ನೂರು ಚದರ ಅಡಿ, ಹನ್ನೆರಡು ಚದರದ ಮನೆ ಎಂದರೆ 1200 ಚದರ ಅಡಿಯ ಮನೆ.

ಅಂಕಿಯೂ ಚಿಹ್ನೆಯೂ ತಾನೇ ಬರುವಂತೆ ಮಾಡುವುದು

ಇಲ್ಲಿಯವರೆಗೆ ಹೇಳಿದ್ದು ಕೈಯಿಂದ ಬರೆಯುವ ಕ್ರಮ. ನಿಜವಾಗಿ ಸಮಯವನ್ನೂ ಮರ್ಯಾದೆಯನ್ನೂ ಉಳಿಸುವುದು ಆಟೋಕ್ಯಾಡಿನ ಫೀಲ್ಡ್ ಎಂಬ ಸೌಲಭ್ಯ. ಮಾಲೀಕರು ಕೊನೆಯ ಗಳಿಗೆಯಲ್ಲಿ ಅಡುಗೆಮನೆಯನ್ನು ಒಂದು ಅಡಿ ಹಿಗ್ಗಿಸಿ ಎಂದಾಗ, ಗೋಡೆ ಸರಿಸಿ ವಿಸ್ತೀರ್ಣದ ಬರಹವನ್ನು ಮರೆತರೆ ನಕ್ಷೆ ಸುಳ್ಳು ಹೇಳತೊಡಗುತ್ತದೆ. ಫೀಲ್ಡ್ ಇದ್ದರೆ ಬರಹವೇ ಗೆರೆಯನ್ನು ನೋಡಿ ತನ್ನನ್ನು ತಿದ್ದಿಕೊಳ್ಳುತ್ತದೆ.

ಮೊದಲು ಕೋಣೆಯ ಒಳಗೋಡೆಯ ಅಂಚಿಗೆ ಸರಿಯಾಗಿ ಒಂದು ಮುಚ್ಚಿದ ಪಾಲಿಲೈನ್ ಎಳೆದುಕೊಳ್ಳಿ; ಬೌಂಡರಿ ಕಮಾಂಡ್ ಕೊಟ್ಟು ಕೋಣೆಯ ನಡುವೆ ಕ್ಲಿಕ್ ಮಾಡಿದರೂ ಆಗುತ್ತದೆ. ಬಾಗಿಲಿನ ತೆರಪುಗಳ ಮೂಲಕ ಗೆರೆ ಪಕ್ಕದ ಕೋಣೆಗೆ ಹರಿದಿಲ್ಲ ಎಂಬುದನ್ನು ನೋಡಿಕೊಳ್ಳಿ. ಈ ಗೆರೆಗೆ ಬೇರೆಯದೇ ಲೇಯರ್ ಕೊಟ್ಟು, ಅದು ಅಚ್ಚಾಗದಂತೆ ಮಾಡಿ. ಆಮೇಲೆ ಎಮ್‌ಟೆಕ್ಸ್ಟ್ ತೆರೆದು, ಕೋಣೆಯ ಹೆಸರು ಬರೆದು, ಮುಂದಿನ ಸಾಲಿನಲ್ಲಿ ಬಲ ಕ್ಲಿಕ್ ಮಾಡಿ ಇನ್ಸರ್ಟ್ ಫೀಲ್ಡ್ ಆಯ್ದುಕೊಳ್ಳಿ. ಕಂಟ್ರೋಲ್ ಮತ್ತು ಎಫ್ ಒತ್ತಿದರೂ ಅದೇ ಕಿಟಕಿ ತೆರೆಯುತ್ತದೆ. ಅದರಲ್ಲಿ ಆಬ್ಜೆಕ್ಟ್ಸ್ ಎಂಬ ವರ್ಗದಲ್ಲಿ ಆಬ್ಜೆಕ್ಟ್ ಎಂಬುದನ್ನು ಆರಿಸಿ, ಗುಂಡಿ ಒತ್ತಿ ಪಾಲಿಲೈನನ್ನು ತೋರಿಸಿ, ಗುಣಗಳ ಪಟ್ಟಿಯಲ್ಲಿ ಏರಿಯಾ ಆರಿಸಿ. ಫಾರ್ಮ್ಯಾಟ್ ಡೆಸಿಮಲ್, ಪ್ರಿಸಿಷನ್ ಎರಡು ಸ್ಥಾನ ಇರಲಿ.

ಮುಖ್ಯ ಕೆಲಸ ಇರುವುದು ಅಲ್ಲಿಯೇ ಕೆಳಗೆ ಇರುವ ಅಡಿಷನಲ್ ಫಾರ್ಮ್ಯಾಟ್ ಎಂಬ ಗುಂಡಿಯ ಹಿಂದೆ. ಅದರೊಳಗೆ ಕನ್ವರ್ಷನ್ ಫ್ಯಾಕ್ಟರ್ ಮತ್ತು ಸಫಿಕ್ಸ್ ಎಂಬ ಎರಡು ಮನೆಗಳಿವೆ. ಸಫಿಕ್ಸ್ ಮನೆಯಲ್ಲಿ ಮೊದಲು ಒಂದು ಜಾಗ, ಆಮೇಲೆ ಎಮ್² ಎಂದು ಬರೆಯಿರಿ. ಆಲ್ಟ್ 0178 ಅಲ್ಲಿಯೂ ನಡೆಯುತ್ತದೆ, \ಯು+00ಬಿ2 ಕೂಡ ನಡೆಯುತ್ತದೆ.

ಕನ್ವರ್ಷನ್ ಫ್ಯಾಕ್ಟರ್ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಚಿಹ್ನೆ ಸರಿಯಿದ್ದು ಗುಣಕ ತಪ್ಪಿದರೆ ಓದುವವರು ಆ ಅಂಕಿಯನ್ನು ಅನುಮಾನವಿಲ್ಲದೆ ನಂಬುತ್ತಾರೆ. ಆಟೋಕ್ಯಾಡಿಗೆ ಗೊತ್ತಿರುವುದು ಡ್ರಾಯಿಂಗ್ ಯೂನಿಟ್ ಮಾತ್ರ. ನೀವು ಮಿಲಿಮೀಟರಿನಲ್ಲಿ ಎಳೆದಿದ್ದರೆ ಅದು ಲೆಕ್ಕ ಹಾಕುವುದು ಚದರ ಮಿಲಿಮೀಟರಿನಲ್ಲಿ. ಒಂದು ಮಲಗುವ ಕೋಣೆ 4200 ಮಿ.ಮೀ. ಉದ್ದ, 3600 ಮಿ.ಮೀ. ಅಗಲ ಇದೆ ಎಂದುಕೊಳ್ಳಿ. ಗುಣಕ ಕೊಡದಿದ್ದರೆ ಬರುವ ಅಂಕಿ 15120000. ಗುಣಕದ ಮನೆಯಲ್ಲಿ 0.000001 ಕೊಟ್ಟರೆ 15.12 ಬರುತ್ತದೆ, ಅದರ ಮುಂದೆ ಎಮ್² ಸರಿಯಾಗಿ ಹೊಂದುತ್ತದೆ. ಅದೇ ಕೋಣೆಗೆ ಚದರ ಅಡಿ ಬೇಕಾದರೆ ಗುಣಕ 0.0000107639, ಬರುವ ಅಂಕಿ 162.75, ಸಫಿಕ್ಸ್ ಎಫ್‌ಟಿ². ಅಡಿ ಅಂಗುಲಗಳ ನಕ್ಷೆಯಲ್ಲಿ ಒಂದು ಯೂನಿಟ್ ಎಂದರೆ ಒಂದು ಅಂಗುಲ. ಒಂದು ಚದರ ಅಡಿಯಲ್ಲಿ 144 ಚದರ ಅಂಗುಲಗಳು ಇರುವುದರಿಂದ ಗುಣಕ 0.00694444 ಆಗುತ್ತದೆ. ಮೀಟರಿನಲ್ಲಿ ಎಳೆದ ಸರ್ವೆ ನಕ್ಷೆಗೆ ಚದರ ಮೀಟರ್ ಬೇಕಾದರೆ ಗುಣಕವೇ ಬೇಡ, ಚದರ ಅಡಿ ಬೇಕಾದರೆ 10.7639.

ಜಮೀನಿನ ನಕ್ಷೆಗೆ ಗುಂಟೆ ಬೇಕೆಂದು ಕೇಳುವವರು ನಮ್ಮಲ್ಲಿ ಬಹಳ. ಒಂದು ಗುಂಟೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ ಅಥವಾ ಸುಮಾರು 101.17 ಚದರ ಮೀಟರ್. ನಲವತ್ತು ಗುಂಟೆ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಯಾವ ತಂತ್ರಾಂಶದ ಪಟ್ಟಿಯಲ್ಲೂ ಗುಂಟೆ ಎಂಬ ಮಾನ ಸಿಗದಿದ್ದರೂ ಮೀಟರಿನ ನಕ್ಷೆಯಲ್ಲಿ ಗುಣಕವನ್ನು 0.00988421 ಎಂದು ಕೊಟ್ಟು, ಸಫಿಕ್ಸ್ ಮನೆಯಲ್ಲಿ ಗುಂಟೆ ಎಂದು ಬರೆದರೆ ಕೆಲಸ ನಡೆಯುತ್ತದೆ. ಟೆಕ್ಸ್ಟ್ ಸ್ಟೈಲಿನ ಫಾಂಟಿನಲ್ಲಿ ಯೂನಿಕೋಡ್ ಕನ್ನಡ ಇರಬೇಕು, ಅಷ್ಟೇ. ಇಂಥ ದೊಡ್ಡ ಅಂಕಿಗಳಲ್ಲಿ ಸಾವಿರದ ಅಲ್ಪವಿರಾಮವನ್ನು ಆಟೋಕ್ಯಾಡಿಗೆ ಬಿಡಬೇಡಿ. ಅದು ಮೂರು ಮೂರು ಅಂಕಿಗಳಿಗೆ ಅಲ್ಪವಿರಾಮ ಹಾಕುತ್ತದೆ, ಐದು ಎಕರೆಯ 2,17,800 ಚದರ ಅಡಿ ಅದರ ಕೈಯಲ್ಲಿ 217,800 ಆಗುತ್ತದೆ.

ಫೀಲ್ಡಿನ ಬರಹದ ಹಿಂದೆ ಪರದೆಯಲ್ಲಿ ಬೂದು ಬಣ್ಣದ ಪಟ್ಟಿ ಕಾಣುತ್ತದೆ. ಅದು ಅಚ್ಚಿನಲ್ಲಿ ಬರುವುದಿಲ್ಲ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಪಾಲಿಲೈನನ್ನು ಹಿಗ್ಗಿಸಿದ ಮೇಲೆ ರೀಜೆನ್ ಕಮಾಂಡ್ ಕೊಟ್ಟರೆ ಅಂಕಿ ಬದಲಾಗುತ್ತದೆ. ಅಂಕಿಯ ಬದಲು ಸಾಲಾಗಿ ಹ್ಯಾಶ್ ಚಿಹ್ನೆಗಳು ಕಂಡರೆ ಆ ಪಾಲಿಲೈನನ್ನು ಯಾರೋ ಅಳಿಸಿದ್ದಾರೆ ಎಂದು ತಿಳಿಯಿರಿ. ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಇದೆ: ಒಂದು ಕೋಣೆಯ ಬರಹವನ್ನು ಮಾತ್ರ ಕಾಪಿ ಮಾಡಿ ಪಕ್ಕದ ಕೋಣೆಯಲ್ಲಿಟ್ಟು ಹೆಸರನ್ನಷ್ಟೇ ತಿದ್ದಿದರೆ, ಅಂಕಿ ಹಳೆಯ ಕೋಣೆಯದನ್ನೇ ತೋರಿಸುತ್ತಿರುತ್ತದೆ. ಅಂಥ ಕಡೆ ಫೀಲ್ಡಿನ ಮೇಲೆ ಡಬಲ್ ಕ್ಲಿಕ್ ಮಾಡಿ ಹೊಸ ಪಾಲಿಲೈನನ್ನು ತೋರಿಸಿಕೊಡಬೇಕು.

ರೆವಿಟ್

ರೆವಿಟ್‌ನಲ್ಲಿ ಚಿಹ್ನೆಯನ್ನು ಟೈಪ್ ಮಾಡುವ ಅಗತ್ಯವೇ ಅಪರೂಪ, ಮಾಡಲು ಹೋದರೇ ತೊಂದರೆ. ಮ್ಯಾನೇಜ್ ಪಟ್ಟಿಯಲ್ಲಿ ಪ್ರಾಜೆಕ್ಟ್ ಯೂನಿಟ್ಸ್ ತೆರೆಯಿರಿ, ಯು ಎನ್ ಎಂದು ಒತ್ತಿದರೂ ಅದು ತೆರೆಯುತ್ತದೆ. ಏರಿಯಾ ಎಂಬ ಸಾಲಿನ ಮುಂದಿನ ಗುಂಡಿಯನ್ನು ಒತ್ತಿ ಮಾನವನ್ನು ಚದರ ಮೀಟರ್ ಎಂದು ಆರಿಸಿ, ರೌಂಡಿಂಗ್ ಎರಡು ಸ್ಥಾನಕ್ಕೆ ಇಟ್ಟು, ಯೂನಿಟ್ ಸಿಂಬಲ್ ಎಂಬ ಕಡೆ ಎಮ್² ಆರಿಸಿ. ಚದರ ಅಡಿಯಾದರೆ ಎಸ್‌ಎಫ್ ಮತ್ತು ಎಫ್‌ಟಿ² ಎರಡೂ ಸಿಗುತ್ತವೆ. ನಮ್ಮಲ್ಲಿ ಎಸ್‌ಎಫ್ ಎಂಬ ರೂಢಿ ಇಲ್ಲದಿರುವುದರಿಂದ ಎರಡನೆಯದೇ ಓದುಗರಿಗೆ ಹಿತ. ಅದೇ ಕಿಟಕಿಯ ಕೆಳಗೆ ಅಂಕಿಗಳ ಗುಂಪುಗಾರಿಕೆಯ ಆಯ್ಕೆ ಇದೆ, ಅದರಲ್ಲಿ 12,34,56,789.00 ಎಂಬ ನಮ್ಮ ಲಕ್ಷ, ಕೋಟಿಯ ಕ್ರಮವೂ ಇದೆ. ಆಟೋಕ್ಯಾಡಿನ ಫೀಲ್ಡಿನಲ್ಲಿ ಇಲ್ಲದ ಈ ಸೌಕರ್ಯವನ್ನು ಖಂಡಿತ ಬಳಸಿಕೊಳ್ಳಿ.

ರೂಮ್ ಟ್ಯಾಗ್ ಹಾಕಿದೊಡನೆ ವಿಸ್ತೀರ್ಣವೂ ಚಿಹ್ನೆಯೂ ಸೇರಿಯೇ ಬರುತ್ತವೆ. ಅಲ್ಲಿ ಚಿಹ್ನೆ ಎರಡೆರಡು ಸಲ, 15.12 ಎಮ್² ಎಮ್² ಎಂದು ಕಂಡರೆ, ಆ ಟ್ಯಾಗನ್ನು ಮಾಡಿದವರು ಲೇಬಲ್ಲಿನ ಸಫಿಕ್ಸ್ ಮನೆಯಲ್ಲಿ ಕೈಯಿಂದಲೂ ಎಮ್² ಬರೆದಿದ್ದಾರೆ ಎಂದರ್ಥ. ಟ್ಯಾಗಿನ ಫ್ಯಾಮಿಲಿಯನ್ನು ತೆರೆದು, ಎಡಿಟ್ ಲೇಬಲ್ ಕಿಟಕಿಯಲ್ಲಿ ಆ ಸಫಿಕ್ಸನ್ನು ಅಳಿಸಿ, ಫ್ಯಾಮಿಲಿಯನ್ನು ಮತ್ತೆ ಪ್ರಾಜೆಕ್ಟಿಗೆ ಲೋಡ್ ಮಾಡಿ. ಶೆಡ್ಯೂಲಿನಲ್ಲಿ ಪ್ರತಿ ಸಾಲಿಗೂ ಚಿಹ್ನೆ ಬೇಕಿಲ್ಲ. ಫಾರ್ಮ್ಯಾಟಿಂಗ್ ಪುಟದಲ್ಲಿ ಏರಿಯಾ ಕಾಲಮ್ಮಿಗೆ ಪ್ರಾಜೆಕ್ಟ್ ಸೆಟ್ಟಿಂಗನ್ನು ಬಿಡಿಸಿ ಚಿಹ್ನೆಯನ್ನು ನನ್ ಎಂದು ಇಟ್ಟು, ತಲೆಬರಹದಲ್ಲಿ ಒಮ್ಮೆ ಎಮ್² ಎಂದು ಬರೆದರೆ ಪಟ್ಟಿ ಹಗುರವಾಗಿ ಓದಿಸಿಕೊಳ್ಳುತ್ತದೆ.

ಅಂಕಿಯನ್ನು ತಂತ್ರಾಂಶಕ್ಕೆ ಬಿಟ್ಟ ಮೇಲೂ ಅದು ಯಾವ ವಿಸ್ತೀರ್ಣ ಎಂಬುದನ್ನು ನಾವೇ ನೋಡಿಕೊಳ್ಳಬೇಕು. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಹೊರಗೋಡೆ, ಸರ್ವಿಸ್ ಶಾಫ್ಟ್, ಸ್ವಂತ ಬಾಲ್ಕನಿ, ಸ್ವಂತ ತೆರೆದ ಟೆರೇಸ್ ಸೇರುವುದಿಲ್ಲ, ಆದರೆ ಒಳಗಿನ ವಿಭಜಕ ಗೋಡೆಗಳು ನಿಂತಿರುವ ಜಾಗ ಸೇರುತ್ತದೆ. ಗೋಡೆಯ ಅಂಚಿನಿಂದ ಲೆಕ್ಕ ಹಾಕಿದ ರೂಮ್ ವಿಸ್ತೀರ್ಣಗಳನ್ನೆಲ್ಲ ಕೂಡಿದರೆ ಆ ಒಳಗೋಡೆಗಳು ಬಿಟ್ಟುಹೋಗುತ್ತವೆ. ಆದ್ದರಿಂದ ಮೊತ್ತದ ಮುಂದೆ ಎಮ್² ಇದ್ದ ಮಾತ್ರಕ್ಕೆ ಅದನ್ನು ಕಾರ್ಪೆಟ್ ಏರಿಯಾ ಎಂದು ಕರೆಯಲಾಗದು. ಇಡೀ ಫ್ಲಾಟಿನ ಒಳ ಅಂಚಿಗೆ ಪ್ರತ್ಯೇಕ ಗೆರೆ ಎಳೆದು ಅಳೆಯಬೇಕು.

ಸ್ಕೆಚ್‌ಅಪ್ ಮತ್ತು ಎಕ್ಸೆಲ್

ಸ್ಕೆಚ್‌ಅಪ್ಪಿನಲ್ಲಿ ವಿಂಡೋ ಮೆನುವಿನ ಮಾಡೆಲ್ ಇನ್ಫೋ ತೆರೆದು ಯೂನಿಟ್ಸ್ ಪುಟದಲ್ಲಿ ಏರಿಯಾಕ್ಕೆ ಬೇಕಾದ ಮಾನವನ್ನು ಆರಿಸಿ, ಮಾನವನ್ನು ತೋರಿಸು ಎಂಬ ಗುರುತನ್ನು ಹಾಕಿಡಿ. ಆಮೇಲೆ ಟೆಕ್ಸ್ಟ್ ಉಪಕರಣ ಹಿಡಿದು ಒಂದು ಮುಖದ ಮೇಲೆ ಕ್ಲಿಕ್ ಮಾಡಿ ಹೊರಕ್ಕೆ ಎಳೆದರೆ ಅದರ ವಿಸ್ತೀರ್ಣ ಮಾನದೊಂದಿಗೆ ತಾನಾಗಿ ಬರುತ್ತದೆ. ಆ ಮುಖವನ್ನು ಆಮೇಲೆ ಬದಲಿಸಿದ್ದರೆ ಬರಹವನ್ನು ಎಂಟಿಟಿ ಇನ್ಫೋದಲ್ಲಿ ಕಾಣುವ ವಿಸ್ತೀರ್ಣಕ್ಕೆ ತಾಳೆ ನೋಡಿ.

ಅನುಮತಿಗೆ ಕೊಡುವ ವಿಸ್ತೀರ್ಣದ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ಮಾಡುವವರು ಅಂಕಿಯ ಮನೆಯೊಳಗೇ 15.12 ಎಮ್² ಎಂದು ಟೈಪ್ ಮಾಡಬಾರದು, ಮಾಡಿದರೆ ಎಕ್ಸೆಲ್ ಅದನ್ನು ಅಂಕಿ ಎಂದು ಪರಿಗಣಿಸದೆ ಬರಹವಾಗಿ ಇಟ್ಟುಕೊಳ್ಳುತ್ತದೆ, ಮೊತ್ತದಿಂದ ಅದು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಮನೆಗಳನ್ನು ಆಯ್ದು, ಫಾರ್ಮ್ಯಾಟ್ ಸೆಲ್ಸ್ ತೆರೆದು, ಕಸ್ಟಮ್ ಎಂಬಲ್ಲಿ 0.00 ಬರೆದು, ಅದರ ಪಕ್ಕದಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಒಂದು ಜಾಗ ಮತ್ತು ಎಮ್² ಬರೆಯಿರಿ. ಕಣ್ಣಿಗೆ ಚಿಹ್ನೆ ಕಾಣುತ್ತದೆ, ಒಳಗೆ ಅಂಕಿ ಅಂಕಿಯಾಗಿಯೇ ಇರುತ್ತದೆ, ಕೂಡಲು ಬರುತ್ತದೆ. ವರ್ಡ್ ಕಡತದಲ್ಲಾದರೆ 00ಬಿ2 ಎಂದು ಬರೆದು ತಕ್ಷಣ ಆಲ್ಟ್ ಮತ್ತು ಎಕ್ಸ್ ಒತ್ತಿದರೆ ² ಬರುತ್ತದೆ. ಎಮ್ ಅಕ್ಷರವನ್ನು ಅದು ಬಂದ ಮೇಲೆ ಅದರ ಎಡಗಡೆ ಸೇರಿಸಿ.

ನಕ್ಷೆ ಕೊಡುವ ಮುಂಚೆ

ಪರದೆಯ ಮೇಲೆ ದೊಡ್ಡದಾಗಿ ಕಂಡ ² ಕಾಗದದ ಮೇಲೆ ಹಾಗೆಯೇ ಕಾಣುತ್ತದೆ ಎಂದು ನಂಬಬೇಡಿ. 1:100ರ ನಕ್ಷೆಯನ್ನು ಅದು ಅಚ್ಚಾಗುವ ಕಾಗದದ ಗಾತ್ರದಲ್ಲೇ ಒಮ್ಮೆ ತೆಗೆದು ನೋಡಿ. ಬರಹದ ಎತ್ತರ ಎರಡು ಮಿಲಿಮೀಟರಿಗಿಂತ ಕಡಿಮೆ ಇದ್ದು ಗೆರೆಯ ದಪ್ಪ ಹೆಚ್ಚಿದ್ದರೆ ಪುಟ್ಟ ಎರಡು ಮಸಿಯ ಚುಕ್ಕೆಯಂತೆ ಆಗುತ್ತದೆ, ಜೆರಾಕ್ಸ್ ಪ್ರತಿಯಲ್ಲಿ ಅದೂ ಉಳಿಯುವುದಿಲ್ಲ. ಅಂಥ ಸಣ್ಣ ಬರಹಕ್ಕೆ ಚಿಹ್ನೆಯ ಬದಲು ಚ.ಮೀ. ಎಂದು ಬರೆಯುವುದು, ಇಲ್ಲವೇ ವಿಸ್ತೀರ್ಣಗಳನ್ನೆಲ್ಲ ಒಂದು ಪಟ್ಟಿಗೆ ತಂದು ತಲೆಬರಹದಲ್ಲಿ ಮಾನವನ್ನು ಒಮ್ಮೆ ಬರೆಯುವುದು ಓದುವವರಿಗೆ ಉಪಕಾರ.

ಪಿಡಿಎಫ್ ಮಾಡಿದ ಮೇಲೆ ಅದರಲ್ಲಿ ² ಎಂದು ಹುಡುಕಿ ನೋಡಿ. ಟ್ರೂಟೈಪ್ ಫಾಂಟಿನಲ್ಲಿ ಬರೆದ, ಬರಹವಾಗಿಯೇ ಪಿಡಿಎಫ್‌ಗೆ ಇಳಿದ ಚಿಹ್ನೆಗಳೆಲ್ಲ ಒಂದೊಂದಾಗಿ ಸಿಗುತ್ತವೆ. ಕೋಣೆಗಳ ಸಂಖ್ಯೆಗೂ ಸಿಕ್ಕ ಚಿಹ್ನೆಗಳ ಸಂಖ್ಯೆಗೂ ವ್ಯತ್ಯಾಸವಿದ್ದರೆ ಎಲ್ಲಿಯೋ ಸಾಮಾನ್ಯ ಎರಡು, ಸ್ಟ್ಯಾಕ್ ಮಾಡಿದ ಎರಡು ಅಥವಾ ಪ್ರಶ್ನಾರ್ಥಕ ಚಿಹ್ನೆ ಉಳಿದಿದೆ. ಸಾಮಾನ್ಯ ಎರಡಿನಿಂದ ಬರೆದವನ್ನು ಆಟೋಕ್ಯಾಡಿನ ಫೈಂಡ್ ಕಮಾಂಡಿನಲ್ಲಿ ಎಮ್2 ಎಂದು ಹುಡುಕಿ, ಬದಲಿ ಮನೆಯಲ್ಲಿ ಎಮ್² ಕೊಟ್ಟು ತಿದ್ದಬಹುದು. ಎಲ್ಲವನ್ನೂ ಒಂದೇ ಸಲ ಬದಲಿಸುವ ಗುಂಡಿಯನ್ನು ಮಾತ್ರ ಒತ್ತಬೇಡಿ, ಒಂದೊಂದನ್ನೇ ನೋಡಿ ಬದಲಿಸಿ. ಕಿಟಕಿ, ಕಂಬಗಳಿಗೆ ಕೊಟ್ಟ ಗುರುತುಗಳಲ್ಲಿಯೂ ಎಮ್2 ಎಂಬ ಹೆಸರು ಇರಬಹುದು.